ಓರಿಯಾ ಮನೆ ಸೇರಿದಳಾ?

"ಈ ಪುಸ್ತಕಾನ ತಗೊಂಡ್ಹೋಗಿ ಪರಾನಾ ನದಿಗೆ ಎಸೀಬೇಕು!"

ನಿಮಿಯಾ ಹಾಗೆಂದದ್ದೇ ತಡ, ಪುಸ್ತಕದಂಗಡಿಯಲ್ಲಿ ಕೂತವರೆಲ್ಲ ಅವಳತ್ತ ತಿರುಗಿದರು.

ಎನ್ಕಾರ್ನಾಸಿಯೋನ್ ಊರಿನ ಆ ಅಂಗಡಿಯಲ್ಲಿ ಶನಿವಾರ ಮಧ್ಯಾಹ್ನ ಓದುಗರು ಸೇರುತ್ತಾರೆ. ಅವತ್ತು ಚರ್ಚೆಗೆ ಇದ್ದದ್ದು 'ಒಂಬತ್ತು ನದಿಗಳು' ಸರಣಿಯ ಕೊನೆಯ ಪುಸ್ತಕ, 'ಕೊನೆಯ ದಂಡೆ'. ಅಲ್ಲಿಯವರೆಗೆ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಭಾಷೆ ಎಷ್ಟು ಚೆಂದ, ಮಂಜಿನ ಯುದ್ಧ ಎಷ್ಟು ಅದ್ಭುತ... ಮೂಲೆಯಲ್ಲಿ ಕೂತು ಕೇಳುತ್ತಿದ್ದ ನಿಮಿಯಾಗೆ ತಡೆಯಲಾಗಲಿಲ್ಲ. ಎದ್ದು ನಿಂತಿದ್ದಳು. ಕೈಯಲ್ಲಿದ್ದ ಪುಸ್ತಕವನ್ನು ಮೇಲೆತ್ತಿ ತೋರಿಸುತ್ತಿದ್ದಳು.

ಆಗ ಹಿಂದಿನ ಸಾಲಿನಿಂದ ಒಂದು ಒಡಕು ದನಿ ಬಂತು.

"ಎಸೀಬೇಡಿ. ಅಂಥಾ ಕೊನೆ ಬರೆಯೋಕೆ ಧೈರ್ಯ ಬೇಕು."

ನಿಮಿಯಾ ತಿರುಗಿ ನೋಡಿದಳು. ಉದ್ದನೆಯ ಮನುಷ್ಯ. ಮಾಸಿದ ನೀಲಿ ಜಾಕೆಟ್. ಕೆಲವು ರಾತ್ರಿ ನಿದ್ದೆಗೆಟ್ಟವನ ಹಾಗೆ ಕಣ್ಣಿನ ಕೆಳಗೆ ಕಪ್ಪು.

"ಧೈರ್ಯಾನಾ? ಕ್ರೌರ್ಯ ಅನ್ನಿ! ಒಂಬತ್ತು ಪುಸ್ತಕ ಓರಿಯಾ ಜೊತೆ ನಡೆದ್ವಿ. ಕೊನೇಲಿ ಅವಳ ಕಣ್ಣೆದುರೇ ಅವಳ ಮನೆ ದೀಪ ಉರೀತಿರುತ್ತೆ. ಅದು ನಿನ್ನ ಮನೇದು ಅಂತ ಹೇಳೋಕೆ ಒಂದು ನರಪಿಳ್ಳೆ ಇಲ್ಲ!"

"ಇಲ್ಲ. ಅದೇ ನಿಜ ಅಲ್ವಾ?" ಅವನ ದನಿ ಏರಿತು. "ಪುಸ್ತಕ ಸುಳ್ಳು ಹೇಳ್ಲಿಲ್ಲ. ಸುಳ್ಳು ಹೇಳೋದು ಸುಲಭ ಸೆನ್ಯೋರಿತಾ. ಯಾರು ಬೇಕಾದ್ರೂ ಹೇಳ್ತಾರೆ."

"ನೀವು ಯಾವತ್ತಾದ್ರೂ ಯಾರನ್ನಾದ್ರೂ ಕಳ್ಕೊಂಡಿದ್ದೀರಾ?"

ಅವನು ಉತ್ತರಿಸಲು ಬಾಯಿ ತೆರೆದ. ಮಾತಿನ ಬದಲು ಕೆಮ್ಮು ಬಂತು. ಅವಳು ಪುಸ್ತಕವನ್ನು ಕುರ್ಚಿಯ ಮೇಲೆ ಕುಕ್ಕಿ, ಬಾಗಿಲು ತಳ್ಳಿಕೊಂಡು ಹೊರನಡೆದಳು.

ಹೊರಗೆ ಜುಲೈ ತಿಂಗಳ ಚಳಿಗಾಲ; ದಕ್ಷಿಣದ ಥಂಡಿ ಗಾಳಿ ಮುಖಕ್ಕೆ ಹೊಡೆಯಿತು. ಅಳು ಒತ್ತಿಕೊಂಡು ಬಂತು. 'ಇವರಿಗೇನು ಗೊತ್ತು? ಇವರಿಗೆ ಅದೊಂದು ಕಥೆ. ನನಗೆ...'

ಕಥೆಯನ್ನು ಓದದವರಿಗಾಗಿ ಇಷ್ಟು ಹೇಳಬೇಕು. ಓರಿಯಾ ಎಂಬ ಹುಡುಗಿ ಹೆಪ್ಪುಗಟ್ಟಿದ ತನ್ನ ಊರಿಗೆ ಬೆಂಕಿ ತರಲು ಮನೆ ಬಿಟ್ಟು ಹೋಗುತ್ತಾಳೆ. ದಾರಿಯಲ್ಲಿ ಒಂಬತ್ತು ನದಿ. ಪ್ರತಿ ನದಿಯ ಅಂಬಿಗನಿಗೂ ಅವಳು ಒಂದೊಂದು ನೆನಪನ್ನು ಕೂಲಿಯಾಗಿ ಕೊಡಬೇಕು. ಒಂದು ನದಿಗೆ ಅಮ್ಮನ ಮುಖ, ಇನ್ನೊಂದಕ್ಕೆ ತನ್ನ ಹೆಸರು. ಕೊನೆಗೆ ಅವಳ ಬಳಿ ಉಳಿಯುವುದು ಮನೆಯ ದಾರಿಯ ನೆನಪೊಂದೇ. ಅದನ್ನೂ ಕೊಟ್ಟು, ಬೆಂಕಿಯನ್ನು ಅಂಬಿಗನ ಕೈಯಲ್ಲಿ ಊರಿಗೆ ಕಳಿಸಿಬಿಡುತ್ತಾಳೆ. ತಾನು ಆಚೆ ದಂಡೆಯಲ್ಲಿ ಉಳಿಯುತ್ತಾಳೆ. ಈಚೆ ದಂಡೆಯಲ್ಲಿ ಅವಳ ತಂಗಿ ನೆಲಾ, ಅದೇ ಬೆಂಕಿಯಿಂದ ಹಚ್ಚಿದ ದೀಪ ಇಟ್ಟುಕೊಂಡು ಕೂತಿರುತ್ತಾಳೆ. ಓರಿಯಾ ಅದನ್ನು ನೋಡುತ್ತಾಳೆ. 'ಯಾರೋ ಯಾರಿಗೋ ಕಾಯುತ್ತಿದ್ದಾರೆ' ಅಂದುಕೊಂಡು, ಮಗ್ಗುಲಾಗಿ ಮಲಗುತ್ತಾಳೆ.

ಅಷ್ಟೇ. ಪುಸ್ತಕ ಮುಗಿಯುತ್ತದೆ.

ನಿಮಿಯಾ ಆ ಪುಟ ಮುಗಿಸಿದಾಗ ನಂಬಿರಲಿಲ್ಲ. ತನ್ನ ಪ್ರತಿಯಲ್ಲಿ ಕೊನೆಯ ಹಾಳೆಗಳು ಬಿಟ್ಟುಹೋಗಿವೆ ಎಂದೇ ಅಂಗಡಿಗೆ ಓಡಿ ಬಂದಿದ್ದಳು. ಬೇರೆ ಪ್ರತಿ ತೆಗೆಸಿ ನೋಡಿದಳು. ಇನ್ನೊಂದು ತೆಗೆಸಿದಳು. ಎಲ್ಲದರಲ್ಲೂ ಓರಿಯಾ ಆಚೆ ದಂಡೆಯಲ್ಲೇ ಮಲಗಿದ್ದಳು!

"ಸೆನ್ಯೋರಿತಾ!"

ಅವನೇ. ಓಡಿ ಬಂದಿದ್ದ. ಏದುಸಿರು ಬಿಡುತ್ತ ಪುಸ್ತಕ ಮುಂದೆ ಚಾಚಿದ.

"ಬಿಟ್ಟುಬಂದ್ರಿ. ನದಿ ಆ ಕಡೆ. ಎಸೆಯೋದಾದ್ರೆ ಎಸೀರಿ, ನಾನು ಅಡ್ಡ ಬರಲ್ಲ."

ಅವಳು ಬೈಯಬೇಕೆಂದಿದ್ದಳು. ಆದರೆ ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ತಪ್ಪು ಮಾಡಿ ನಿಂತವನ ಹಾಗೆ ಕಾಣುತ್ತಿದ್ದ.

"ನಿಮ್ಮ ಹೆಸರು?" ಎಂದಳು.

"ದೆರ್ಲಿಸ್. ಪುರಸಭೆಯ ವ್ಯಾನ್ ಓಡಿಸ್ತೀನಿ." ಪುಸ್ತಕ ಅವಳ ಕೈಗಿಟ್ಟು, "ಕಳ್ಕೊಂಡಿದ್ದೀರಾ ಅಂತ ಕೇಳಿದ್ರಲ್ಲ... ಹೌದು. ಆದ್ರೆ ಅವರು ನನ್ನವರಾಗಿರ್ಲಿಲ್ಲ. ಅಳೋಕೂ ನಂಗೆ ಹಕ್ಕಿಲ್ಲ," ಎಂದ.

ಆ ಮಾತು ನಿಮಿಯಾಳ ಎದೆಯಲ್ಲಿ ಎಲ್ಲೋ ಕೂತುಬಿಟ್ಟಿತು.

ಮುಂದಿನ ಶನಿವಾರ ಅವಳು ಅಂಗಡಿಗೆ ಹೋಗಬಾರದು ಎಂದುಕೊಂಡಿದ್ದಳು. ಹೋದಳು. ಅವನು ಒಳಗೆ ಹೋಗದೆ ಬಾಗಿಲಲ್ಲೇ ನಿಂತಿದ್ದ. ಕೈಯಲ್ಲಿ ಒಂದು ಫ್ಲಾಸ್ಕು, ಬಟ್ಟೆಯಲ್ಲಿ ಸುತ್ತಿದ ಬಿಸಿ ಚೀಪಾ ರೊಟ್ಟಿ.

"ಒಳಗೆ ಕೂತ್ರೆ ನಾವಿಬ್ರೂ ಜಗಳ ಆಡಿ ಬೇರೆಯವರ ಶನಿವಾರ ಹಾಳು ಮಾಡ್ತೀವಿ. ನದಿ ದಂಡೇಲಿ ಕೂತು ಜಗಳ ಆಡೋಣ್ವಾ?"

ಹಾಗೆ ಶುರುವಾಯಿತು.

ಮೊದಲ ಸಂಪುಟದಿಂದ ಮತ್ತೆ ಓದಬೇಕು ಎಂದು ಇಬ್ಬರೂ ಪಂತ ಕಟ್ಟಿದರು. ಇಂಥ ಕೊನೆ ಬರುತ್ತದೆಂದು ಬರೆದವರು ಮೊದಲೇ ಸುಳಿವು ಕೊಟ್ಟಿದ್ದರೋ ಇಲ್ಲವೋ ಎಂದು ಹುಡುಕುವುದು. ವಾರವಿಡೀ ಬೇರೆಬೇರೆಯಾಗಿ ಓದುವುದು, ಶನಿವಾರ ಆ ಕಲ್ಲಿನ ಬೆಂಚಿನ ಮೇಲೆ ಕೂತು ವಾದ ಮಾಡುವುದು. ಎದುರಿಗೆ ಅಗಲವಾದ ಪರಾನಾ. ಅಣೆಕಟ್ಟೆಯ ನೀರಿನಡಿಗೆ ಹೋದ ಹಳೆಯ ಪೇಟೆಯಲ್ಲೇ ಇಬ್ಬರೂ ಹುಟ್ಟಿದ್ದು.

"ನಮ್ಮನೆ ಅಲ್ಲೆಲ್ಲೋ ಇತ್ತು," ಎಂದು ಅವನು ಒಮ್ಮೆ ನೀರಿನ ಕಡೆ ಬೆರಳು ತೋರಿಸಿದ.

"ನಮ್ದೂ. ಅಕ್ಕನ ಮಾತು ಕೇಳದೆ ಅಂಗಳದಲ್ಲಿ ಬಿದ್ದು ಮಂಡಿ ಒಡ್ಕೊಂಡಿದ್ದು ಈಗ ಮೀನುಗಳಿಗೆ ಗೊತ್ತಿರಬಹುದು."

ಅವನು ನಕ್ಕ. ನಕ್ಕರೆ ಅವನ ಮುಖ ಬೇರೆಯೇ ಆಗುತ್ತಿತ್ತು. 'ಇಷ್ಟು ದಿನ ಎಲ್ಲಿಟ್ಟಿದ್ದ ಈ ನಗುವನ್ನು?' ಎಂದುಕೊಂಡಳು.

ಅವರ ದೊಡ್ಡ ಜಗಳ ನಡೆದದ್ದು ನೆಲಾಳ ಬಗ್ಗೆ.

"ಈ ಸರಣೀಲಿ ನಾನು ಅತಿ ಹೆಚ್ಚು ದ್ವೇಷ ಮಾಡೋದು ರಾಕ್ಷಸರನ್ನಲ್ಲ. ನೆಲಾನ," ಎಂದಳು ನಿಮಿಯಾ.

"ಪಾಪ, ಅವಳೇನು ಮಾಡಿದಳು?"

"ಏನೂ ಮಾಡ್ಲಿಲ್ಲ! ಅದೇ! ಅಕ್ಕ ಬರ್ತಾಳೆ ಬರ್ತಾಳೆ ಅಂತ ದೀಪ ಹಚ್ಕೊಂಡು ಕೂತಳು. ದೋಣಿ ಇರ್ಲಿಲ್ವಾ? ಕೈಕಾಲು ಇರ್ಲಿಲ್ವಾ?"

"ಹೆದರಿಕೆ ಇರುತ್ತಲ್ಲ ನಿಮಿಯಾ... ಹೋಗಿ ನೋಡಿದಾಗ ಅಕ್ಕ ಅಲ್ಲಿ ಇಲ್ದೇ ಇದ್ರೆ? ಹೋಗದೇ ಇದ್ರೆ, ಇದ್ದಾಳೆ ಅಂತಾದ್ರೂ ಅಂದ್ಕೊಂಡಿರಬಹುದು."

ನಿಮಿಯಾ ಬೆಚ್ಚಿಬಿದ್ದಳು. ತಾನು ಯಾರಿಗೂ ಹೇಳದ ಗುಟ್ಟು ಇವನ ಬಾಯಲ್ಲಿ ಹೇಗೆ ಬಂತು? ಮುಖ ತಿರುಗಿಸಿ ನದಿ ನೋಡಿದಳು. ಗಾಳಿ ಜೋರಾಗಿತ್ತು. ಅವನು ತನ್ನ ಉಣ್ಣೆಯ ಪೊಂಚೊ ಬಿಚ್ಚಿ ಅರ್ಧ ಅವಳ ಹೆಗಲಿಗೆ ಹೊದಿಸಿದ. ಅವಳು ಸರಿಯಲಿಲ್ಲ. ಕತ್ತಲಾಗುವವರೆಗೆ ಇಬ್ಬರೂ ಹಾಗೇ ಕೂತಿದ್ದರು.

ಅವತ್ತಿನಿಂದ 'ನೀವು' ಹೋಗಿ 'ನೀನು' ಆಯಿತು.

ಆಗಸ್ಟ್ ಕೊನೆಗೆ ರಸ್ತೆಬದಿಯ ಲಪಾಚೊ ಮರಗಳು ಎಲೆಯಿಲ್ಲದೆ ಗುಲಾಬಿ ಹೂ ಬಿಟ್ಟವು. ಅಕ್ಕನ ಹುಟ್ಟುಹಬ್ಬ ಬಂತು. ಆ ದಿನವನ್ನು ಒಬ್ಬಳೇ ಕಳೆಯುವ ಶಕ್ತಿ ನಿಮಿಯಾಗೆ ಇರಲಿಲ್ಲ.

"ನಮ್ಮನೆಗೆ ಬಾ. ನಿಂಗೆ ಏನೋ ಹೇಳ್ಬೇಕು," ಎಂದು ದೆರ್ಲಿಸನನ್ನು ಕರೆದಳು.

ಮನೆಯ ಮುಂದಿನ ಕೋಣೆ ಒಂದು ಕಾಲಕ್ಕೆ ಕೇಶಾಲಂಕಾರದ ಅಂಗಡಿಯಾಗಿತ್ತು. ದೊಡ್ಡ ಕನ್ನಡಿ, ತಿರುಗುವ ಕುರ್ಚಿ ಇನ್ನೂ ಅಲ್ಲೇ ಇದ್ದವು. ನಿಮಿಯಾ ಅವನನ್ನು ಆ ಕುರ್ಚಿಯಲ್ಲಿ ಕೂರಿಸಿ, ಬಿಸಿ ಕೊಸಿದೊ ಚಹಾದ ಲೋಟ ಕೈಗಿಟ್ಟು, ತಾನು ಕಿಟಕಿಯ ಕಟ್ಟೆಯ ಮೇಲೆ ಕೂತಳು.

"ಇದು ನನ್ನಕ್ಕನ ಅಂಗಡಿ. ಅಮ್ಮ ಹೋದ್ಮೇಲೆ ನನ್ನ ಸಾಕಿದ್ದು ಅವಳೇ. ಈ ಸರಣಿ ಶುರು ಮಾಡಿದ್ದೂ ಅವಳೇ. ಗಿರಾಕಿ ತಲೆಗೆ ಬಣ್ಣ ಹಚ್ಚಿ ಕೂರಿಸಿ, ಒಣಗೋವರೆಗೆ ನನಗೆ ಓದಿ ಹೇಳೋಳು. ಹೆಂಗಸ್ರು ಮನೆಗೆ ಹೋಗೋದು ಬಿಟ್ಟು ಮುಂದೇನಾಯ್ತು ಮುಂದೇನಾಯ್ತು ಅಂತ ಕೂತ್ಬಿಡೋರು."

ದೆರ್ಲಿಸ್ ಸುತ್ತಲೂ ನೋಡುತ್ತಿದ್ದ. ಅವನ ಮುಖ ನಿಧಾನವಾಗಿ ಬಿಳಿಚುತ್ತಿತ್ತು. ನಿಮಿಯಾ ಅದನ್ನು ಗಮನಿಸಲಿಲ್ಲ.

"ಸಕ್ಕರೆ ಕಾಯಿಲೆ. ಮೊದಲು ಕಣ್ಣು ಹೋಯ್ತು, ಆಮೇಲೆ ಕಿಡ್ನಿ. ವಾರದಲ್ಲಿ ಮೂರು ಸಲ ಡಯಾಲಿಸಿಸ್. ನಾನು ಅಸುನ್ಸಿಯೋನ್‌ನಲ್ಲಿ ಔಷಧಿ ಅಂಗಡಿ ಕೆಲಸದಲ್ಲಿದ್ದೆ. ಭಾನುವಾರ ಸಿಕ್ಕಾಗ ಬಂದು ಹೋಗ್ತಿದ್ದೆ. 'ಕೊನೇ ಪುಸ್ತಕ ಬರೋವರ್ಗೆ ನಾನು ಸಾಯಲ್ಲ ಕಣೇ' ಅಂತ ನಗೋಳು ಅಕ್ಕ." ನಿಮಿಯಾ ಕನ್ನಡಿಯತ್ತ ನೋಡಿದಳು. "ಆಮೇಲೆ ಪುಸ್ತಕ ಬಂದೇಬಿಡ್ತು ದೆರ್ಲಿಸ್. 'ಬಾ, ಓದು ಬಾ' ಅಂತ ಫೋನ್ ಮಾಡಿದ್ಲು. ನಾನು ರಜೆ ಇಲ್ಲ ಅಂದೆ. ರಜೆ ಇತ್ತು! ಓದಿ ಮುಗಿಸಿಬಿಟ್ರೆ ಅಕ್ಕ ಹೊರಟುಬಿಡ್ತಾಳೆ ಅಂತ ಭಯ... ಮುಂದಿನ ವಾರ, ಮುಂದಿನ ತಿಂಗಳು ಅಂತ ತಳ್ದೆ. ಕೊನೆಗೆ ಯಾರ ಕೈಲೋ ಓದಿಸ್ಕೊಂಡ್ಲು. ಯಾರೇ ಅಂದ್ರೆ, 'ಒಬ್ಬ ಕೆಟ್ಟ ದನಿಯೋನು' ಅಂತ ನಕ್ಕುಬಿಟ್ಲು."

"ನಿನ್ನ ಅಕ್ಕನ ಹೆಸರು..." ದೆರ್ಲಿಸನ ದನಿ ಕೇಳಿಸದಷ್ಟು ಸಣ್ಣಗಿತ್ತು.

"ಮಿರ್ತಾ. ಅವಳು ನನ್ನ ಮಿಮಿ ಅಂತ ಕರೆಯೋಳು. ಹೋಗೋ ಮುಂಚಿನ ಭಾನುವಾರ ನನ್ನ ಕೈ ಹಿಡ್ಕೊಂಡು, 'ಓರಿಯಾ ಮನೆ ಸೇರಿದಳು ಕಣೇ ಮಿಮಿ' ಅಂದ್ಲು. ಹೇಗೆ ಸೇರಿದಳು ಅಂತಾನೂ ಪೂರ್ತಿ ಹೇಳಿದ್ಲು. ಎಷ್ಟು ಖುಷಿ ಇತ್ತು ಅವಳ ಮುಖದಲ್ಲಿ! ಆದ್ರೆ ಪುಸ್ತಕದಲ್ಲಿ ಅವಳು ಸೇರೋದೇ ಇಲ್ಲ. ಯಾರು ದೆರ್ಲಿಸ್? ಯಾರು ಅವಳಿಗೆ ಹಾಗೆ..."

ಲೋಟ ಕೆಳಗೆ ಬಿತ್ತು.

ಅವನು ಎದ್ದು ನಿಂತಿದ್ದ. ಕನ್ನಡಿಯಲ್ಲಿ ಅವನ ಮುಖ ಸುಣ್ಣದ ಗೋಡೆಯಂತಿತ್ತು.

"ನಾನು... ನಾನು ಹೋಗ್ಬೇಕು."

"ಏನಾಯ್ತು? ದೆರ್ಲಿಸ್!"

"ಕ್ಷಮಿಸು," ಎಂದ. ಬಾಗಿಲು ತೆರೆದು ಹೊರಟೇಹೋದ. ಅವನ ಪೊಂಚೊ ಕುರ್ಚಿಯ ಬೆನ್ನಿಗೆ ನೇತಾಡುತ್ತ ಉಳಿಯಿತು.

ಆಮೇಲೆ ಅವನು ಫೋನ್ ಎತ್ತಲಿಲ್ಲ. ಶನಿವಾರ ಬೆಂಚಿಗೆ ಬರಲಿಲ್ಲ. ಅದರ ಮುಂದಿನ ಶನಿವಾರವೂ.

ನಿಮಿಯಾ ಪೊಂಚೊವನ್ನು ಮಡಿಸಿ ಬೀರುವಿನಲ್ಲಿಟ್ಟಳು. ಮರುದಿನ ತೆಗೆದು ಮುಖಕ್ಕೆ ಒತ್ತಿಕೊಂಡಳು. ಮತ್ತೆ ಮಡಿಸಿಟ್ಟಳು. 'ಸಾಯುವ ಅಕ್ಕ ಕರೆದಾಗ ಬಾರದವಳು ಎಂದು ಗೊತ್ತಾಯಿತಲ್ಲ. ಅದಕ್ಕೇ ಹೋದ. ಸರಿಯಾಗೇ ಮಾಡಿದ. ನನ್ನಂಥವಳ ಜೊತೆ ಯಾರಿರುತ್ತಾರೆ?' ಎಂದು ತನ್ನನ್ನೇ ಚುಚ್ಚಿಕೊಂಡಳು. ಅಕ್ಕ ತೀರಿಹೋದ ಮೇಲೆ ಅಸುನ್ಸಿಯೋನ್ ಬಿಟ್ಟು ಬಂದು ಇದೇ ಊರಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಬೆಳಿಗ್ಗೆ ಹೋಗುವುದು, ಮಾತ್ರೆ ಎಣಿಸಿ ಕೊಡುವುದು, ಸಂಜೆ ಬರುವುದು. ಊಟ ರುಚಿಸುತ್ತಿರಲಿಲ್ಲ. ಪುಸ್ತಕ ಮುಟ್ಟಲು ಮನಸ್ಸಿರಲಿಲ್ಲ.

ಒಂದು ದಿನ ಔಷಧಿ ಅಂಗಡಿಗೆ ಒಬ್ಬ ಮುದುಕಿ ಕೋಲೂರಿಕೊಂಡು ಬಂದಳು. ಚೀಟಿ ಕೊಟ್ಟು ನಿಮಿಯಾಳ ಮುಖವನ್ನೇ ದಿಟ್ಟಿಸಿದಳು.

"ನೀನು ಮಿರ್ತಾನ ತಂಗಿ ಅಲ್ವೇನೇ? ಅದೇ ಮೂಗು! ಮಿಮಿ!"

ನಿಮಿಯಾಳ ಕೈಯಿಂದ ಚೀಟಿ ಜಾರಿತು. ಆ ಹೆಸರನ್ನು ಕೇಳಿ ಎಷ್ಟು ಕಾಲವಾಗಿತ್ತು!

"ನಾನು ದೆಯೊಲಿಂದಾ. ಡಯಾಲಿಸಿಸ್‌ನಲ್ಲಿ ನಿಮ್ಮಕ್ಕನ ಪಕ್ಕದ ಕುರ್ಚಿ ನಂದೇ. ಅಯ್ಯೋ, ಅವಳಿದ್ದಾಗ ಹೊತ್ತು ಹೋಗಿದ್ದೇ ಗೊತ್ತಾಗ್ತಿರ್ಲಿಲ್ಲ. ಆ ವ್ಯಾನಿನ ಹುಡ್ಗ ಓದೋದು, ಇವಳು ಅವನ್ನ ಗೋಳುಹೊಯ್ಕೊಳ್ಳೋದು..."

"ಯಾವ ಹುಡ್ಗ, ಞಾ ದೆಯೊಲಿಂದಾ?" ಹಿರಿಯ ಹೆಂಗಸರ ಹೆಸರಿಗೆ ಹಚ್ಚುವ 'ಞಾ' ಸೇರಿಸಿ ಕೇಳಿದಳು.

"ನಮ್ಮನ್ನೆಲ್ಲ ದೊಡ್ಡ ಚೌಕದಿಂದ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ನಲ್ಲ, ದೆರ್ಲಿಸ್! ಈಗ ಬೇರೆ ದಾರಿಗೆ ಹಾಕಿಸ್ಕೊಂಡಿದ್ದಾನೆ. ಹೊಸಬ ರೇಡಿಯೋದಲ್ಲಿ ಬರೀ ಫುಟ್ಬಾಲ್ ಹಾಕ್ತಾನೆ ಮಗಳೇ, ತಲೆ ಸಿಡಿದುಹೋಗುತ್ತೆ..."

ಮುಂದಿನ ಮಾತು ನಿಮಿಯಾಗೆ ಕೇಳಿಸಲಿಲ್ಲ. ಬಿಳಿ ಕೋಟು ಬಿಚ್ಚಿ ಎಸೆದು ಬೀದಿಗೆ ಇಳಿದಿದ್ದಳು.

ಪುರಸಭೆಯ ವಾಹನಗಳು ನಿಲ್ಲುವ ಅಂಗಳದಲ್ಲಿ ದೆರ್ಲಿಸ್ ಒಂದು ವ್ಯಾನಿನ ಗಾಜು ಒರೆಸುತ್ತಿದ್ದ. ಅವಳನ್ನು ಕಂಡು ಕೈ ಅಲ್ಲೇ ನಿಂತಿತು.

"ನೀನೇನಾ?" ಎಂದಳು. "ಅಕ್ಕನಿಗೆ ಓದಿದ್ದು ನೀನೇನಾ?"

"ಹೌದು."

"ಓರಿಯಾ ಮನೆ ಸೇರಿದಳು ಅಂತ ಹೇಳಿದ್ದೂ..."

"ನಾನೇ."

ಅವಳು ಇನ್ನೂ ಹತ್ತಿರ ಬಂದಳು. "ಯಾಕೆ? ಅವಳೇನು ಚಿಕ್ಕ ಮಗೂನಾ? ಹದಿನಾಲ್ಕು ವರ್ಷ ಕಾದಿದ್ದಳು ಆ ಕೊನೆಗೆ! ಕಣ್ಣಿಲ್ಲ ಅಂತ, ಏನು ಹೇಳಿದ್ರೂ ನಂಬ್ತಾಳೆ ಅಂತ..."

"ಹಾಗಲ್ಲ!" ಅವನು ಬಟ್ಟೆಯನ್ನು ಕೈಯಲ್ಲಿ ಹಿಂಡುತ್ತಿದ್ದ. "ಹಿಂದಿನ ಸಂಜೆ ನಾನೊಬ್ನೇ ಕೊನೆ ಅಧ್ಯಾಯ ಓದ್ಕೊಂಡಿದ್ದೆ. ಎಲ್ಲಿ ತೊದಲ್ತೀನೋ ಅಂತ ಯಾವಾಗ್ಲೂ ಮೊದಲೇ ಓದ್ಕೊಳ್ತಿದ್ದೆ. ಓದಿ, ವ್ಯಾನಿನಲ್ಲೇ ಕೂತು ಅತ್ತೆ. ಮಾರನೇ ದಿನ ಅವರು, 'ದೆರ್ಲಿಸ್, ಇವತ್ತು ಮುಗಿಸಿಬಿಡಪ್ಪ, ನಂಗೆ ಸುಸ್ತಾಗಿದೆ' ಅಂದ್ರು. ಅವರ ಕೈ ನೋಡ್ದೆ... ಪುಸ್ತಕ ತೆಗೆದೆ. ಅಕ್ಷರ ಕಾಣಿಸ್ತಿತ್ತು, ಬಾಯಿಂದ ಬರ್ಲಿಲ್ಲ. ಬೇರೆ ಏನೋ ಬಂತು."

"ಸುಳ್ಳು ಬಂತು."

"ಹೌದು. ಸುಳ್ಳು. ಅವರು ತೀರಿಕೊಂಡ ದಿನದಿಂದ ಅದೇ ಕೊರೀತಿದೆ. ಅದಕ್ಕೇ ಅಂಗಡೀಲಿ ಅಷ್ಟು ಕೂಗಾಡ್ದೆ. ನಿನ್ ಮೇಲಲ್ಲ, ನನ್ ಮೇಲೇ."

"ಗೊತ್ತಾದ ಮೇಲಾದ್ರೂ ನಂಗೆ ಹೇಳ್ಬಹುದಿತ್ತು. ಎದ್ದು ಓಡಿಹೋದೆ! ನಾನು ದಿನಾ ಬೆಂಕೀಲಿ..." ದನಿ ಒಡೆಯಿತು. "ನನ್ನಕ್ಕ ಒಂದು ಸುಳ್ಳನ್ನ ಎದೆಗವಚ್ಕೊಂಡು ಹೋದ್ಲು ದೆರ್ಲಿಸ್. ಅದನ್ನ ನಾನು ಹೇಗೆ ಕ್ಷಮಿಸ್ಲಿ?"

ಅವನು ತಲೆ ತಗ್ಗಿಸಿದ. ಅವಳು ತಿರುಗಿ ನಡೆದಳು. ಅವನು ಕರೆಯಲಿಲ್ಲ.

ಅವಳ ಮನಸ್ಸು ಎರಡು ಹೋಳಾಗಿತ್ತು. ಒಂದು ಹೋಳಿಗೆ ಅವನ ಮುಖ ನೋಡುವುದೂ ಬೇಡವಾಗಿತ್ತು. ಇನ್ನೊಂದು, ಬಟ್ಟೆ ಹಿಂಡುತ್ತಿದ್ದ ಆ ಕೈಗಳನ್ನು ಹಿಡಿಯಬೇಕೆನ್ನುತ್ತಿತ್ತು. 'ನಾನು ಹೋಗಬೇಕಿದ್ದ ಜಾಗದಲ್ಲಿ ಅವನು ಕೂತಿದ್ದ. ನಾನು ಓದಬೇಕಿದ್ದದ್ದನ್ನು ಅವನು ಓದಿದ. ನಾನಾಗಿದ್ದರೆ? ಆ ಕೊನೆಯ ಪುಟವನ್ನು ಅಕ್ಕನ ಮುಖ ನೋಡುತ್ತ ನಾನು ಓದುತ್ತಿದ್ದೆನಾ?'



ಶುಕ್ರವಾರ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋದಳು. ಯಾಕೆಂದು ಅವಳಿಗೂ ಸರಿಯಾಗಿ ತಿಳಿದಿರಲಿಲ್ಲ. ಅಕ್ಕ ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಬೇರೆ ಯಾರೋ ಕಣ್ಣು ಮುಚ್ಚಿ ಒರಗಿದ್ದರು. ಪಕ್ಕದಲ್ಲಿ ದೆಯೊಲಿಂದಾ, ತೋಳಿಗೆ ಕೊಳವೆಗಳು.

"ಬಂದ್ಯಾ? ಅವತ್ತು ದೆವ್ವ ಕಂಡೋಳ ಹಾಗೆ ಓಡ್ಬಿಟ್ಟೆ!"

ನಿಮಿಯಾ ಪಕ್ಕದಲ್ಲಿ ಕೂತಳು. ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅಳು ಬಂತು.

ಮುದುಕಿ ಪೂರ್ತಿ ಕೇಳಿದಳು. ಆಮೇಲೆ ನಕ್ಕಳು. ಹಲ್ಲಿಲ್ಲದ ಬಾಯಿ ಅಗಲಿಸಿ, ಸದ್ದಿಲ್ಲದೆ.

"ಯಾಕೆ ನಗ್ತೀರಿ?"

"ಮಿರ್ತಾಗೆ ಗೊತ್ತಿತ್ತು ಕಣೇ ಹುಚ್ಚಿ!"

"...ಏನು?"

"ಅವನು ಕಟ್ಟಿ ಹೇಳ್ತಿದ್ದಾನೆ ಅಂತ. ಅವತ್ತು ಅವನು ನೀರು ತರೋಕೆ ಆಚೆ ಹೋದಾಗ ಇವಳು ನನ್ನ ಕಡೆ ತಿರುಗಿ, 'ಞಾ ದೆಯೊಲಿಂದಾ, ಆಗಿಂದ ಅವನು ಒಂದು ಪುಟಾನೂ ತಿರುಗಿಸಿಲ್ಲ. ನಂಗೆ ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ನೀವೇನೂ ಅನ್ಬೇಡಿ. ಪಾಪ, ನನಗೋಸ್ಕರ ಕಷ್ಟಪಟ್ಟು ಅಡುಗೆ ಮಾಡ್ತಿದ್ದಾನೆ. ಉಪ್ಪು ಕಮ್ಮಿ ಇದ್ರೂ ಉಣ್ಣೋಣ' ಅಂದ್ಲು."

ನಿಮಿಯಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅದು ಅಕ್ಕನ ಮಾತೇ. ಅಕ್ಕನಲ್ಲದೆ ಬೇರೆ ಯಾರೂ ಹಾಗೆ ಹೇಳಲು ಸಾಧ್ಯವಿಲ್ಲ!

"ನಿಜವಾದ ಕೊನೆ ಏನಿರಬಹುದು ಅಂತಾನೂ ಊಹಿಸಿದ್ಲು ಅನ್ಸುತ್ತೆ," ಎಂದಳು ಮುದುಕಿ, ಈಗ ನಗದೆ. "ಅವನು ಹೋದ್ಮೇಲೆ ಸುಮಾರು ಹೊತ್ತು ಸುಮ್ನಿದ್ಲು. ಆಮೇಲೆ, 'ನಮ್ಮ ಮಿಮಿಗೆ ಇದು ಸಾಲಲ್ಲ, ಅವಳಿಗೆ ಬೇರೇನೇ ಹೇಳ್ಬೇಕು' ಅಂದ್ಲು. ಅದೇನಂತ ನಂಗೆ ಅರ್ಥ ಆಗ್ಲಿಲ್ಲ."

ನಿಮಿಯಾಗೂ ಅರ್ಥವಾಗಲಿಲ್ಲ. ಆಗ.

ಶನಿವಾರ ಮಧ್ಯಾಹ್ನ ಪೊಂಚೊ ತೆಗೆದುಕೊಂಡು ಅವನ ಮನೆಗೆ ಹೋದಳು. ಅವನು ಅಂಗಳದ ಕಿತ್ತಳೆ ಮರದ ಕೆಳಗೆ ಒಬ್ಬನೇ ಕೂತಿದ್ದ. ಸೊರಗಿದ್ದ. ಅವಳನ್ನು ಕಂಡು ಎದ್ದ. ತನ್ನ ಕುರ್ಚಿಯನ್ನೇ ಅವಳತ್ತ ತಳ್ಳಿದ.

"ಅಕ್ಕನಿಗೆ ಗೊತ್ತಿತ್ತಂತೆ," ಎಂದಳು ನಿಮಿಯಾ, ನಿಂತೇ. ದೆಯೊಲಿಂದಾ ಹೇಳಿದ್ದನ್ನೆಲ್ಲ ಹೇಳಿದಳು. ಪುಟ ತಿರುಗಿಸದ್ದು. ಅಡುಗೆ. ಉಪ್ಪು.

ದೆರ್ಲಿಸ್ ಮರಕ್ಕೆ ಒರಗಿದ. ಅವನ ಭುಜ ಅಲುಗುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ, ಅವನಿಗೇ ಗೊತ್ತಿರಲಿಲ್ಲ.

"ನನ್ನ ಇಷ್ಟು ದಿನ ಸಾಯ್ಸಿದ್ರಲ್ಲ ಮಿರ್ತಾ..." ಎಂದು ಗೊಣಗಿದ.

"ದೆರ್ಲಿಸ್, ನಂಗೂ ಹೇಳು. ಅಕ್ಕನಿಗೆ ಹೇಳಿದ ಹಾಗೇ. ನಂಗೆ ಕೇಳ್ಬೇಕು."

ಅವನು ಮುಖ ಒರೆಸಿಕೊಂಡ. ಅವಳ ಎದುರು ನೆಲದ ಮೇಲೆ ಕೂತು, ಆ ಒಡಕು ದನಿಯಲ್ಲಿ ಶುರು ಮಾಡಿದ. ಆಚೆ ದಂಡೆಯಲ್ಲಿ ಮಲಗಿದ್ದ ಓರಿಯಾಳ ಕಾಲನ್ನು ಒಂದು ಬೀದಿನಾಯಿ ನೆಕ್ಕುತ್ತದೆ. ಅದು ಮುಂದೆ ಮುಂದೆ ಓಡುತ್ತದೆ, ಅವಳು ಹಿಂದೆ ಹಿಂದೆ. ಆಳವಿಲ್ಲದ ಒಂದು ಜಾಗದಲ್ಲಿ ನದಿ ದಾಟುತ್ತಾರೆ. ದೀಪದ ಮನೆಯ ಬಾಗಿಲಿಗೆ ಬರುತ್ತಾರೆ. ಒಳಗಿಂದ ರೊಟ್ಟಿ ಬೇಯುವ ವಾಸನೆ. ಆ ವಾಸನೆಗೆ ಅವಳಿಗೆ ಎಲ್ಲ ನೆನಪಾಗುತ್ತದೆ.

"ಅಷ್ಟೇ," ಎಂದ ನಾಚಿಕೊಂಡು. "ನಾಯಿ ಯಾಕೆ ಬಂತು ಅಂತ ನಂಗೂ ಗೊತ್ತಿಲ್ಲ. ಏನೂ ತೋಚ್ಲಿಲ್ಲ."

ನಿಮಿಯಾ ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು.

"ನೆಲಾ ಎಲ್ಲಿ?"

"ಮನೆಯೊಳಗಿರ್ತಾಳೆ. ರೊಟ್ಟಿ ಮಾಡ್ತಿರ್ತಾಳೆ."

"ದೋಣಿ?"

"ಯಾವ ದೋಣಿ?"

"ನೆಲಾ ದೋಣಿ ತಗೊಂಡು ಹೋಗಲ್ವಾ? ತುಂಬಾ ತಡವಾಗಿ ಹೋಗ್ತಾಳೆ. ದಾರಿಯುದ್ದಕ್ಕೂ ಅಳ್ತಾ ಹುಟ್ಟು ಹಾಕ್ತಾಳೆ. ಓರಿಯಾ ಎದ್ದು ಕೂತಿರ್ತಾಳೆ. 'ತಡವಾಯ್ತು ಅಕ್ಕಾ' ಅಂದ್ರೆ, 'ಬಂದ್ಯಲ್ಲ, ಸಾಕು ಬಿಡು' ಅಂತ ದೋಣಿ ಹತ್ತಿ ಅವಳ ತೊಡೆ ಮೇಲೆ ತಲೆಯಿಟ್ಟು ಮಲಗ್ತಾಳೆ... ಅಕ್ಕ ನಂಗೆ ಹೇಳಿದ್ದು ಹೀಗೆ!"

ದೆರ್ಲಿಸ್ ನಿಧಾನವಾಗಿ ತಲೆ ಅಲ್ಲಾಡಿಸಿದ.

"ನಿಮಿಯಾ... ನಾನು ಹೇಳಿದ ಕಥೇಲಿ ದೋಣಿ ಇಲ್ಲ."

ಕಿತ್ತಳೆ ಎಲೆಗಳಲ್ಲಿ ಗಾಳಿ ಸರಿದಾಡಿತು. ಬೀದಿಯಲ್ಲಿ ಯಾರೋ ಬೈಕು ಓಡಿಸಿಕೊಂಡು ಹೋದರು.

'ನಮ್ಮ ಮಿಮಿಗೆ ಬೇರೇನೇ ಹೇಳ್ಬೇಕು.'

ನಿಮಿಯಾ ಕುರ್ಚಿಯಿಂದ ಜಾರಿ ನೆಲಕ್ಕೆ ಕುಸಿದಳು. ಅಕ್ಕ ಸತ್ತ ದಿನ ಬಾರದ ಅಳು, ಮಣ್ಣು ಮಾಡಿದ ದಿನ ಬಾರದ ಅಳು, ಈಗ ಎದೆ ಸೀಳಿಕೊಂಡು ಬಂತು. ಅಕ್ಕನಿಗೆ ಎಲ್ಲ ತಿಳಿದಿತ್ತು. ರಜೆ ಇದ್ದದ್ದೂ, ಭಯವೂ. ಒಂದು ಮಾತು ಆಡಿ ತೋರಿಸದೆ, ಕೊನೆಯ ಭಾನುವಾರ ಕೈ ಹಿಡಿದು, 'ಸಾಕು ಬಿಡು' ಎಂದು ಹೇಳಿಯೇ ಹೋಗಿದ್ದಳು. ತಂಗಿಗೆ ಕೇಳಿಸಿರಲಿಲ್ಲ, ಅಷ್ಟೇ!

ದೆರ್ಲಿಸ್ ಅವಳನ್ನು ಎದೆಗೆ ಒರಗಿಸಿಕೊಂಡ.  ಸಮಾಧಾನ ಮಾಡಲಿಲ್ಲ. ಅವಳು ಅಳುವಷ್ಟು ಹೊತ್ತೂ ಹಾಗೇ ಕೂತಿದ್ದ.

ಬಿಸಿಲು ಗೋಡೆಯಿಂದ ಇಳಿದುಹೋಗಿ ಅಂಗಳ ತಣ್ಣಗಾಯಿತು. ಅವಳು ಪೊಂಚೊ ಬಿಡಿಸಿ, ಈ ಸಲ ತಾನೇ ಅರ್ಧವನ್ನು ಅವನ ಹೆಗಲಿಗೆ ಎಳೆದಳು.

"ಸೋಮವಾರದಿಂದ ಹಳೇ ದಾರಿಗೇ ಹೋಗು," ಎಂದಳು ಮೂಗೊರೆಸಿಕೊಳ್ಳುತ್ತ. "ಅಲ್ಲಿ ಫುಟ್ಬಾಲ್ ಕೇಳಿ ಕೇಳಿ ಮುದುಕಿಗೆ ತಲೆ ಸಿಡೀತಿದೆಯಂತೆ."

"ಹೋಗ್ತೀನಿ." ಅವನು ಗಂಟಲು ಸರಿಮಾಡಿಕೊಂಡ. "ನಿಮಿಯಾ, ನಿಂಗೆ ಒಂದು ಮಾತು ಹೇಳ್ಬೇಕು. ನೀನು ಬೆಂಚಿನ ಹತ್ರ ಬರೋಕಿಂತ ಮುಂಚೆ ನಂಗೆ ಶನಿವಾರ ಅಂದ್ರೆ ಬರೀ ವ್ಯಾನ್ ತೊಳೆಯೋ ದಿನ ಆಗಿತ್ತು. ಈಗ... ನಾನು ನಿನ್ನ ಪ್ರೀತಿಸ್ತೀನಿ."

ಅವಳು ಕೆಂಪಗೆ ಊದಿದ ಕಣ್ಣುಗಳಿಂದ ಅವನನ್ನು ದಿಟ್ಟಿಸಿದಳು.

"ಇದನ್ನೂ ಕೂತಲ್ಲೇ ಕಟ್ಟಿದ್ದಾ?"

"ಇಲ್ಲ. ಕಟ್ಟಿದ್ರೆ ಇದಕ್ಕಿಂತ ಚೆನ್ನಾಗಿರ್ತಿತ್ತು."

ತುಂಬಾ ದಿನಗಳ ಮೇಲೆ ನಿಮಿಯಾ ನಕ್ಕಳು. ನಗುವಿನ ನಡುವೆಯೇ ಇನ್ನೊಂದು ಹನಿ ಕೆನ್ನೆಗೆ ಇಳಿಯಿತು. ಅದನ್ನು ಒರೆಸಿಕೊಳ್ಳದೆ ಅವನ ಕೈ ಹಿಡಿದುಕೊಂಡಳು.

"ಇನ್ನೊಂದ್ಸಲ ಹೇಳು ದೆರ್ಲಿಸ್. ನಿಧಾನಕ್ಕೆ ಹೇಳು... ನಾನೆಲ್ಲೂ ಹೋಗಲ್ಲ."